ಎರಡು ಬೆರಳು ಆಚೆ ಸರಿದ ಚಕ್ರ

ಆ ಗಾಡಿ ಮೊದಲ ಸಲ ಕೊಟ್ಟೂರಿನ ನನ್ನ ಕಾರು ರಿಪೇರಿ ಅಂಗಡಿಗೆ ಬಂದ ದಿನ ನಾನು ಏನು ಹೇಳಿದೆ ಎಂಬುದಕ್ಕೆ ಎರಡು ವರದಿಗಳಿವೆ. ‘ಅಲೈನ್‌ಮೆಂಟ್ ಸರಿ ಐತಿ’ ಅಂದೆ ಎಂದು ನನ್ನ ನೆನಪು. ‘ಗಾಡಿ ಸರಿ ಐತಿ ಅಂದ್ರಿ’ ಎಂದು ಅದರ ಡ್ರೈವರ್ ಇವತ್ತಿಗೂ ಸಾಧಿಸುತ್ತಾರೆ. ಎರಡಕ್ಕೂ ಬಹಳ ಅಂತರವಿದೆ. ನನ್ನ ನೆನಪಿನ ಪರವಾಗಿ ವಾದಿಸಲು ನನ್ನ ಹತ್ತಿರ ಆ ನೆನಪು ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ಆ ಜಗಳವನ್ನು ಅಲ್ಲಿಗೇ ಬಿಟ್ಟಿದ್ದೇನೆ. ಮುಂದೆ ಬರೆಯುವುದರಲ್ಲೂ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಹೇಳುತ್ತೇನೆ.

ಮೆಕ್ಕೆಜೋಳದ ಸುಗ್ಗಿ ಎಂಬುದಂತೂ ನಿಜ. ಆಗ ಹಡಗಲಿ ಕಡೆಯ ರಸ್ತೆಗಳ ಒಂದು ಮಗ್ಗುಲು ಪೂರಾ ಕಾಳು ಒಣಹಾಕಿರುತ್ತಾರೆ. ಗಾಡಿ ಏಳು ಸೀಟಿನದು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಮಾದರಿ. ಮಾಲೀಕರು ಹಗರಿಬೊಮ್ಮನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡವರು. ಹೊಲ, ಟ್ರ್ಯಾಕ್ಟರು ಎಲ್ಲ ಇವೆ. ಡ್ರೈವರ್ ಮಾಲೀಕರ ತಂದೆಯ ಕಾಲದಿಂದ ಆ ಮನೆಯ ಗಾಡಿ ಓಡಿಸುತ್ತಿರುವವರು. ಮಾಲೀಕರಿಗೆ ಸೈಕಲ್ ಕಲಿಸಿದ್ದೂ ಅವರೇ ಅಂತೆ. ಹಾಗಾಗಿ ಮಾಲೀಕರು ಅವರನ್ನು ‘ಅಣ್ಣ’ ಎನ್ನುತ್ತಾರೆ, ಅವರು ಇವರನ್ನು ‘ಸಾವ್ಕಾರ್ರ’ ಎನ್ನುತ್ತಾರೆ. ಸಿಟ್ಟು ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಮೂರನೆಯವರ ಕಡೆ ತಿರುಗಿ ಮಾತಾಡುತ್ತಾರೆ. ಆ ದಿನ ಮೂರನೆಯವನು ನಾನಾಗಿದ್ದೆ.

“ಸರ, ಸ್ಟೇರಿಂಗ್ ನೋಡ್ರಿ. ಗಾಡಿ ಎಳಿಯಾಕತ್ತೈತಿ,” ಎಂದರು ಡ್ರೈವರ್.

“ಯಾವ ಕಡಿಗೆ?”

“ಬಸ್ಸಿಗೆ ಸೈಡ್ ಕೊಟ್ರ ಎಡಕ್ಕ ಎಳಿತೈತಿ. ಜ್ವಾಳದ ಮ್ಯಾಲ ಬ್ರೇಕ್ ಒತ್ತಿದ್ರ ಬಲಕ್ಕ ಎಳಿತೈತಿ.”

“ಕೇಳಿದ್ರ್ಯಾ?” ಎಂದರು ಮಾಲೀಕರು ನನಗೆ. “ಒಮ್ಮಿ ಎಡಕ್ಕ ಅಂತಾನ, ಒಮ್ಮಿ ಬಲಕ್ಕ ಅಂತಾನ. ನಾಳಿಗೆ ಮ್ಯಾಲಕ್ಕ ಎಳಿತೈತಿ ಅಂದ್ರ ನಾ ಏನ್ ಮಾಡ್ಲಿ?”

ನಮ್ಮ ಕಡೆ ಒಂದೇ ಗಾಡಿ ಹಿಡಿಯುವಷ್ಟು ಅಗಲದ ಡಾಂಬರು ರಸ್ತೆಗಳೇ ಹೆಚ್ಚು. ಎದುರಿಗೆ ಬಸ್ಸು ಬಂದರೆ ಎಡಗಡೆಯ ಚಕ್ರಗಳನ್ನು ಮಣ್ಣಿಗೆ ಇಳಿಸಿ ದಾರಿ ಬಿಡಬೇಕು. ಸೈಡ್ ಕೊಡುವುದು ಎಂದರೆ ಅದು. ಡ್ರೈವರ್ ಹೇಳಿದ್ದು ಏನೆಂದು ನನಗೆ ತಿಳಿಯಿತು, ಆದರೆ ನಂಬಿಕೆ ಬರಲಿಲ್ಲ. ಗಾಡಿಗೆ ದೋಷವಿದ್ದರೆ ಅದು ಒಂದು ಕಡೆಗೆ ಎಳೆಯುತ್ತದೆ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಾದರೆ, ಒಂದು ಬ್ರೇಕು ಹಿಡಿದುಕೊಂಡರೆ, ಯಾವಾಗಲೂ ಅದೇ ಕಡೆಗೆ ಹೋಗುತ್ತದೆ. ದಿಕ್ಕು ಬದಲಿಸುವುದು ಸಾಮಾನ್ಯವಾಗಿ ಗಾಡಿಯಲ್ಲ, ಹೇಳುವವರು.

ಮಾಲೀಕರು ನನ್ನನ್ನು ಟೈರುಗಳ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದರು.

“ನಿಮಗ ಹೇಳಾಕ ನಾಚಿಕಿ ಇಲ್ರಿ. ಅಣ್ಣನ ಕೈ ನಡುಗಾಕತ್ತಾವ. ಮನ್ಯಾಗಿನ ಹೆಣ್ಮಕ್ಕಳು ಕುಂದರೋ ಗಾಡಿ. ಮೊನ್ನಿ ಕಾಳಿನ ಮ್ಯಾಲ ಬ್ರೇಕ್ ಹಾಕಿ ಸೀದಾ ಬಸ್ಸಿನ ಮುಂದ ಒಯ್ದಿದ್ದ. ಗಾಡಿ ಸರಿ ಐತಿ ಅಂತ ನೀವು ಅಂದ್ರ, ನಾ ಬ್ಯಾರೆ ಡ್ರೈವರ್‌ನ ನೋಡ್ಕೊಂತೀನಿ.”

“ಅವರಿಗೆ ಹೇಳೀರಾ?”

“ಅವಗ ಹೇಳಿಲ್ಲ. ಸ್ಟ್ಯಾಂಡಿನ್ಯಾಗ ಒಂದಿಬ್ಬರಿಗೆ ಹೇಳೀನಿ, ಯಾರರ ಇದ್ರ ನೋಡ್ರಿ ಅಂತ.”

ಅಂದರೆ ಅವರಿಗೆ ಹೇಳಿದ ಹಾಗೇ. ಕಾರ್ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರನ ಕೈ ನಡುಗುತ್ತದೆ ಎಂಬ ಮಾತು ಬಿದ್ದರೆ, ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ಯಾರೂ ಅವನಿಗೆ ಸ್ಟೇರಿಂಗ್ ಕೊಡುವುದಿಲ್ಲ. ಡ್ರೈವರ್ ಅದನ್ನು ಬಲ್ಲವರು. ನಾವು ವಾಪಸ್ ಬರುವಾಗ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಗಾಡಿ ಎತ್ತಿ ಮೊದಲ ಚಕ್ರ ಬಿಚ್ಚಿದೆ. ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಎರಡು ಬೆರಳು ದಪ್ಪದ ಅಲ್ಯೂಮಿನಿಯಂ ಬಳೆ ಇತ್ತು. ಸ್ಪೇಸರ್. ನಾಲ್ಕೂ ಕಡೆ ಇತ್ತು. ಚಕ್ರಗಳನ್ನು ಅಷ್ಟಷ್ಟು ಹೊರಕ್ಕೆ ತಳ್ಳಿ ಗಾಡಿ ಅಗಲವಾಗಿ ಕಾಣಲಿ ಎಂದು ಪಟ್ಟಣದ ಹುಡುಗರು ಹಾಕಿಸುವುದುಂಟು. ಮಾಲೀಕರು ಹಾಕಿಸಿದ್ದು ಅಂದಕ್ಕಲ್ಲ.

“ತಿರುವಿನ್ಯಾಗ ಗಾಡಿ ವಾಲತಿತ್ತರಿ. ಟ್ರ್ಯಾಕ್ಟರಿನ ಗಾಲಿ ಅಗಲ ಮಾಡಿದ್ರ ಒಡ್ಡಿನ ಮ್ಯಾಲ ಹೋದ್ರೂ ವಾಲಂಗಿಲ್ಲ. ಅದಕ್ಕ ಮಾಡಿಸೀನಿ. ಈಗ ಹೆಂಗ ಕುಂತೈತಿ ನೋಡ್ರಿ, ಎಮ್ಮಿ ಕುಂತಂಗ!”

“ಇದನ್ನ ಯಾವಾಗ ಹಾಕ್ಸಿದ್ರಿ?”

“ಅಣ್ಣ ಮಗಳ ಬಾಣಂತನಕ್ಕ ಅಂತ ರಜಾ ಹಾಕಿದ್ದ, ಆವಾಗ.”

ಇಲ್ಲಿಗೆ ವಿಷಯ ಮುಗಿಯಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಬಳೆಯ ಮೇಲಿನ ಅನುಮಾನ ಪುರಾವೆಯಲ್ಲ. ಗಾಡಿಯನ್ನು ಚಕ್ರಗಳ ನೇರ ಅಳೆಯುವ ಅಲೈನ್‌ಮೆಂಟ್ ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ಪ್ರತಿ ಅಂಕಿಯೂ ಹಸಿರು. ಚಕ್ರದ ವಾಲಿಕೆ ಸರಿ, ಮುಂದಿನ ಚಕ್ರಗಳು ಒಂದಕ್ಕೊಂದು ನೇರ, ಎಡಬಲ ಸಮ. ಆಗಲೇ ನಾನು ಆ ಮಾತು ಹೇಳಿದ್ದು, ಯಾವ ಮಾತೇ ಆಗಿರಲಿ. ಮಾಲೀಕರು ತಲೆಯಾಡಿಸಿದರು. ಡ್ರೈವರ್ ಪರದೆಯ ಹಸಿರನ್ನು ಬಹಳ ಹೊತ್ತು ನೋಡಿ, ಹೋಗಿ ಸ್ಟೇರಿಂಗ್ ಮುಂದೆ ಕೂತರು.

ನನಗೆ ಸುಮ್ಮನೆ ಕೂರುವ ಗುಣವಿಲ್ಲ. ಮನೆಯವರು ಅದನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಆ ವಾರವಿಡೀ ಅಂಗಡಿಯಲ್ಲಿ ಬೇರೆ ಗಾಡಿಗಳ ಕೆಳಗೆ ಮಲಗಿದ್ದಾಗಲೂ ಎಡಕ್ಕೆ, ಬಲಕ್ಕೆ ಎಂಬ ಎರಡು ಪದಗಳು ತಲೆಯೊಳಗೆ ಓಡಾಡುತ್ತಿದ್ದವು. ಕೊನೆಗೆ ನಾನೇ ಫೋನ್ ಮಾಡಿ, ಇನ್ನೊಮ್ಮೆ ಗಾಡಿ ತನ್ನಿ, ನನ್ನ ಸಮಾಧಾನಕ್ಕೆ ನೋಡುತ್ತೇನೆ ಎಂದೆ.

ಎರಡನೆಯ ಸಲ ನನ್ನ ಮೊದಲ ಗುಮಾನಿ ಬಳೆ ಕೊರೆದ ಲೇತ್‌ನವರ ಮೇಲಿತ್ತು. ಊರಿನ ಲೇತ್‌ನಲ್ಲಿ ಕೊರೆದ ಬಳೆಯ ನಡುತೂತು ಕೂದಲೆಳೆಯಷ್ಟು ಆಚೀಚೆ ಆದರೂ ಚಕ್ರ ಓಲಾಡುತ್ತದೆ. ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ಚಕ್ರವನ್ನು ನಿಧಾನ ತಿರುಗಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಟ್ರ್ಯಾಕ್ಟರಿನ ಬುಷ್ ಮಾಡುವ ಲೇತ್‌ನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಆದೀತೆಂದು ನಾನು ಅಂದುಕೊಂಡಿರಲಿಲ್ಲ. ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ, ಬೇರಿಂಗ್ ಗಟ್ಟಿ. ಬ್ರೇಕು ಬಿಚ್ಚಿದೆ, ಎರಡೂ ಕಡೆ ಸಮವಾಗಿ ಸವೆದಿದ್ದವು. ಟೈರು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿದೆ. ವ್ಯತ್ಯಾಸವಿಲ್ಲ.

ಉಳಿದದ್ದು ಕೈ. ಪಕ್ಕದ ಹೋಟೆಲಿನಿಂದ ಅಂಚಿನವರೆಗೆ ತುಂಬಿದ ಚಹಾ ಲೋಟ ತರಿಸಿ ಡ್ರೈವರ್ ಮುಂದೆ ಹಿಡಿದೆ.

ಅವರು ಅದನ್ನು ತೆಗೆದುಕೊಳ್ಳಲಿಲ್ಲ. “ಚಹಾ ಚೆಲ್ಲಿದ್ರ ನೌಕರಿ ಹೋಗತೈತೇನ್ರಿ?”

“ಹಂಗಲ್ಲ ಅಣ್ಣಾರ...”

“ಹಂಗ ಐತಿ. ತಗೊಂಡ್ ಬರ್ರಿ ಇಲ್ಲೆ.” ಲೋಟವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು, ತೋಳು ಉದ್ದ ಚಾಚಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತರು. ಹನಿಯೂ ಚೆಲ್ಲಲಿಲ್ಲ. “ಬಿಸಿ ಐತಿ, ಬೆರಳು ಸುಡತಾವ. ಇನ್ನ ಎಷ್ಟೊತ್ತು ಹಿಡಿಬೇಕು ಹೇಳ್ರಿ, ಹಿಡಿತೀನಿ. ಕುಡ್ಯಾಕಂತೂ ಈ ಚಹಾ ಬ್ಯಾಡ.”

ಮಾಲೀಕರು ಆ ಹೊತ್ತಿಗೆ ಹೊರಗೆ ಫೋನಿನಲ್ಲಿದ್ದರು. ಹೇಳಿದಾಗ, “ನಿಂತು ಹಿಡಿಯೋದು ಬ್ಯಾರೆ, ಓಡಿಸೋದು ಬ್ಯಾರೆ,” ಎಂದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ನನಗೆ ಹೊಳೆದದ್ದು ಕಣ್ಣು ಕಟ್ಟಿ ಮಾಡುವ ಪರೀಕ್ಷೆ. ಡ್ರೈವರ್ ರಜೆಯಿಂದ ಬಂದಾಗ ಗಾಡಿಯ ಚಕ್ರ ಹೊರಗೆ ಬಂದದ್ದನ್ನು ನೋಡಿದ್ದಾರೆ. ನೋಡಿದವರಿಗೆ ಹೊಸ ದೋಷ ತೋರುವುದು ಸಹಜ. ಸ್ಪೇಸರ್ ಇದೆಯೋ ಇಲ್ಲವೋ ಗೊತ್ತಿಲ್ಲದೆ ಓಡಿಸಿದಾಗಲೂ ಅವರು ಸರಿಯಾಗಿ ಹೇಳಿದರೆ, ಮಾತು ನಿಲ್ಲುತ್ತದೆ.

ಕಾನಹೊಸಹಳ್ಳಿ ಹತ್ತಿರ ಹೆದ್ದಾರಿಯ ಪಕ್ಕದ ಒಂದು ಟೈರ್ ಅಂಗಡಿಯ ಅಂಗಳ ಕೇಳಿ ಪಡೆದೆವು. ಡ್ರೈವರ್ ಒಳಗೆ ಗೋಡೆಗೆ ಮುಖ ಮಾಡಿ ಕೂರುವುದು. ಹೊರಗೆ ನಾನು ಜಾಕ್ ಹಚ್ಚಿ ಸ್ಪೇಸರ್ ತೆಗೆಯುವುದು ಅಥವಾ ಹಾಕುವುದು. ಕೆಲವು ಸಲ ಏನೂ ಬದಲಿಸದೆ, ಸದ್ದು ಮಾತ್ರ ಕೇಳಲಿ ಎಂದು ನಟ್ಟು ಬಿಚ್ಚಿ ಮತ್ತೆ ಅದನ್ನೇ ಬಿಗಿಯುವುದು. ಬಿಗಿತ ಅಳೆಯುವ ಪಾನಾ ಹಿಡಿದು ಪ್ರತಿ ನಟ್ಟನ್ನೂ ಎದುರುಬದುರಾಗಿ ಬಿಗಿಯದೆ ರಸ್ತೆಗೆ ಬಿಡುವ ಹಾಗಿಲ್ಲ, ಆದ್ದರಿಂದ ಕೆಲಸ ಬಹಳ ನಿಧಾನ. ಕನ್ನಡಿಗಳನ್ನು ತುಸು ಹೊರಕ್ಕೆ ತಿರುಗಿಸಿದ್ದೆ, ಹಿಂದಿನ ರಸ್ತೆ ಕಾಣಬೇಕು, ಸ್ವಂತ ಚಕ್ರ ಕಾಣಬಾರದು. ಗಾಡಿಯವರೆಗೆ ಡ್ರೈವರ್ ತಲೆಯ ಮೇಲೆ ಟವೆಲ್ ಹಾಕಿ ಮಾಲೀಕರೇ ಕೈ ಹಿಡಿದು ಕರೆತರುತ್ತಿದ್ದರು.

“ಮದಲಿಂಗನ್ನ ಕರಕೊಂಡು ಹೊಂಟಂಗ ಆತಲ್ರಿ,” ಎಂದರು ಡ್ರೈವರ್ ಟವೆಲ್ ಒಳಗಿನಿಂದ.

“ಸುಮ್ಮನ ನಡಿ ಅಣ್ಣ. ಹೆಣ್ಣು ಒಳ್ಳೇದೈತಿ.”

“ಯಾವ ಹೆಣ್ಣರಿ? ಎಡಕ್ಕೊಮ್ಮಿ ಬಲಕ್ಕೊಮ್ಮಿ ಜಗ್ಗೂ ಹೆಣ್ಣು!”

ಇಬ್ಬರೂ ನಕ್ಕರು. ನಗುವಾಗ ಮಾಲೀಕರ ಕೈ ಡ್ರೈವರ್ ಕೈಯನ್ನು ಬಿಟ್ಟಿರಲಿಲ್ಲ. ಅದನ್ನು ನೋಡಿ ನನಗೆ, ಈ ಪರೀಕ್ಷೆಯ ಫಲ ಏನೇ ಬಂದರೂ ಒಬ್ಬರಿಗೆ ನೋವಾಗುತ್ತದಲ್ಲ ಎನ್ನಿಸಿತು.

ಫಲ ಡ್ರೈವರಿಗೆ ವಿರುದ್ಧ ಬಂತು. ಅಗಲ, ನುಣುಪು ಹೆದ್ದಾರಿಯಲ್ಲಿ ಅವರು ಎಷ್ಟು ಸಲ ಸರಿ ಹೇಳಿದರೋ ಅಷ್ಟೇ ಸಲ ತಪ್ಪಿದರು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಅಷ್ಟೇ ಅಲ್ಲ, ಸೇತುವೆಯ ಮೇಲಿನ ತಿರುವಿನಲ್ಲಿ ಸ್ಪೇಸರ್ ಇದ್ದಾಗ ಗಾಡಿ ಕಡಿಮೆ ವಾಲುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನನಗೂ ಅದು ಗೊತ್ತಾಯಿತು. ನನಗೆ ಗೊತ್ತಾದದ್ದಕ್ಕೆ ಬೆಲೆಯಿಲ್ಲ, ಯಾಕೆಂದರೆ ಚಕ್ರ ಹಾಕಿದವನು ನಾನೇ. ಆದರೂ ಮಾಲೀಕರ ಮಾತು ಪೂರ್ತಿ ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ವಾಪಸ್ ಬಂದು ನನ್ನನ್ನು ಅಂಗಡಿಯ ಮುಂದೆ ಇಳಿಸುವಾಗ ಡ್ರೈವರ್, “ಇಂಥಾ ದಾರ್ಯಾಗ ಎಳಿತೈತಿ ಅಂತ ನಾ ಯಾವತ್ತು ಹೇಳೀನ್ರಿ?” ಎಂದರು.

ಎರಡು ದಿನ ಬಿಟ್ಟು ಹಗರಿಬೊಮ್ಮನಹಳ್ಳಿಗೆ ಹೋದೆ. ಎರಡೇ ದಿನ ಇರಬೇಕು. ಕಣ್ಣು ಕಟ್ಟಿದ ಪರೀಕ್ಷೆಯಲ್ಲಿ ವ್ಯತ್ಯಾಸ ಸಿಗಲಿಲ್ಲ, ನನ್ನ ಕೈಲಾದದ್ದು ಇಷ್ಟು ಎಂದು ಮಾಲೀಕರಿಗೆ ಎದುರೆದುರೇ ಹೇಳಬೇಕೆಂದು ಹೊರಟಿದ್ದೆ. ಒಬ್ಬರ ಅನ್ನದ ಮಾತನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ.

ಅವರ ಮನೆಯ ಹಿಂದಿನ ಅಂಗಳದಲ್ಲಿ ಮಾಲೀಕರು ಲುಂಗಿ ಮೇಲೆ ಕಟ್ಟಿ, ಕೈಗೆಲ್ಲ ಗ್ರೀಸ್ ಮಾಡಿಕೊಂಡು ಟ್ರ್ಯಾಕ್ಟರಿನ ಮುಂದೆ ಕೂತಿದ್ದರು. ಮುಂದಿನ ಬೆಳೆಯ ಸಾಲಿನ ಅಳತೆಗೆ ತಕ್ಕಂತೆ ಗಾಲಿಗಳನ್ನು ಅಗಲ ಮಾಡುವ ಕೆಲಸ. ಈ ಸೀಮೆಯಲ್ಲಿ ಟ್ರ್ಯಾಕ್ಟರ್ ಇಟ್ಟವರೆಲ್ಲ ಅದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ.

“ಬರ್ರಿ ಸರ, ಇದನ್ನ ನೋಡೇ ಕಾರಿಗೆ ಮಾಡ್ಸಿದ್ದು,” ಎಂದರು.

ನಿಂತು ನೋಡಿದೆ. ಮುಂದಿನ ಅಚ್ಚು ಒಂದರೊಳಗೊಂದು ಸೇರುವ ಎರಡು ಕೊಳವೆಗಳದು. ಬೋಲ್ಟ್ ಕಿತ್ತರು, ಒಳಗಿನ ಕೊಳವೆಯನ್ನು ಹೊರಕ್ಕೆಳೆದರು, ಮುಂದಿನ ತೂತಿಗೆ ಬೋಲ್ಟ್ ಕೂರಿಸಿದರು. ಗಾಲಿ ಆಚೆ ಹೋಯಿತು. ಗಾಲಿಯ ಜೊತೆಗೆ, ಅದು ಎಡಬಲ ತಿರುಗುವ ನೆಟ್ಟನೆಯ ಕೀಲೂ ಆಚೆ ಹೋಯಿತು. ಆಮೇಲೆ ಸ್ಟೇರಿಂಗ್ ರಾಡನ್ನೂ ಅಷ್ಟೇ ಉದ್ದ ಮಾಡಿದರು.

ಇದನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಾಲೇಜಿನಲ್ಲಿ ಇದೇ ಕೀಲಿನ ಚಿತ್ರ ಬರೆದು ಪಾಸಾಗಿದ್ದೇನೆ. ಎರಡನ್ನೂ ಒಟ್ಟಿಗೆ ನೋಡಿದ್ದು ಅವತ್ತೇ.

ಟ್ರ್ಯಾಕ್ಟರಿನಲ್ಲಿ ಕೀಲು ಗಾಲಿಯ ಜೊತೆ ಸರಿಯುತ್ತದೆ. ಕಾರಿಗೆ ಸ್ಪೇಸರ್ ಹಾಕಿದಾಗ ಚಕ್ರ ಮಾತ್ರ ಸರಿಯುತ್ತದೆ, ಕೀಲು ಇದ್ದಲ್ಲೇ ಇರುತ್ತದೆ. ಕಾರು ಮಾಡಿದವರು ಆ ಕೀಲಿನ ಗೆರೆ ನೆಲ ಮುಟ್ಟುವ ಜಾಗ ಟೈರಿನ ನಡುಭಾಗದ ಹತ್ತಿರವೇ ಬರುವಂತೆ ಇಟ್ಟಿರುತ್ತಾರೆ. ಹಾಗಿದ್ದಾಗ ನೆಲ ಟೈರನ್ನು ಹಿಂದಕ್ಕೆ ಎಳೆದರೂ ಬಾಗಿಲನ್ನು ಅದರ ಕೀಲಿನ ಬಳಿ ಹಿಡಿದು ಎಳೆದ ಹಾಗೆ, ಬಾಗಿಲು ತಿರುಗುವುದಿಲ್ಲ. ಟೈರು ಎರಡು ಬೆರಳು ಆಚೆ ಹೋದರೆ ನೆಲಕ್ಕೆ ಹಿಡಿಯಲು ಬಾಗಿಲಿನ ಅಂಚು ಸಿಕ್ಕಿದ ಹಾಗೆ. ಚಕ್ರ ತಿರುಗುತ್ತದೆ, ಅದರ ಜೊತೆ ಸ್ಟೇರಿಂಗ್ ತಿರುಗುತ್ತದೆ. ಎರಡೂ ಕಡೆಯ ನೆಲ ಒಂದೇ ಥರ ಇದ್ದರೆ ಎಡದ ಎಳೆತವೂ ಬಲದ ಎಳೆತವೂ ಒಂದನ್ನೊಂದು ತಡೆದು ಸುಮ್ಮನಾಗುತ್ತವೆ. ಹೆದ್ದಾರಿಯಲ್ಲಿ ಆದದ್ದು ಅದು. ಎಡಚಕ್ರ ಮೆತ್ತನೆಯ ಮಣ್ಣಿಗೆ ಇಳಿದರೆ ಎಡಗಡೆ ಎಳೆತ ಹೆಚ್ಚು, ಸ್ಟೇರಿಂಗ್ ಎಡಕ್ಕೆ ಹೋಗಬೇಕು. ಎಡಚಕ್ರ ಜಾರುವ ಕಾಳಿನ ಮೇಲಿದ್ದು ಬಲಚಕ್ರ ಡಾಂಬರಿನ ಮೇಲಿರುವಾಗ ಬ್ರೇಕ್ ಒತ್ತಿದರೆ ಬಲಗಡೆ ಹಿಡಿತ ಹೆಚ್ಚು, ಸ್ಟೇರಿಂಗ್ ಬಲಕ್ಕೆ ಹೋಗಬೇಕು.

ಎಡಕ್ಕೆ ಎಳೆಯುತ್ತದೆ, ಬಲಕ್ಕೆ ಎಳೆಯುತ್ತದೆ. ಒಂದಕ್ಕೊಂದು ಸೇರದ ಮಾತು ಎಂದು ನಾವು ತೆಗೆದುಹಾಕಿದ್ದು ಒಂದೇ ಮಾತಾಗಿತ್ತು.

ಹೇಳಲು ಹೋಗಿದ್ದನ್ನು ಹೇಳಲಿಲ್ಲ. “ಇನ್ನೊಂದು ದಿನ ಕೊಡ್ರಿ. ಈ ಸಲ ಹೆದ್ದಾರಿ ಬ್ಯಾಡ, ಅಣ್ಣಾರು ದಿನಾ ಓಡಿಸೋ ದಾರಿ,” ಎಂದೆ.

ಮಾಲೀಕರಿಗೆ ಸಾಕಾಗಿತ್ತು. “ನೀವು ಓದಿದವರು ಒಂದಕ್ಕ ಮುಗಸಂಗಿಲ್ರಿ.”

“ಇದು ಕಡೀದು. ನಿಮ್ಮ ಅಂಗಡ್ಯಾಗ ಚೀಲ ತೂಗೋ ಸ್ಪ್ರಿಂಗ್ ತಕ್ಕಡಿ ಐತೇನ್ರಿ?”

ಕೊಕ್ಕೆ ಇರುವ, ಮುಳ್ಳು ತೋರಿಸುವ ಹಳೆಯ ತಕ್ಕಡಿ ಸಿಕ್ಕಿತು. ಕೈಗೆ ಅನ್ನಿಸುವುದನ್ನು ನಾನು ನಂಬುವುದಿಲ್ಲ, ಡ್ರೈವರದಾಗಲಿ ನನ್ನದಾಗಲಿ. ಸ್ಟೇರಿಂಗ್ ಎಷ್ಟು ಬಲವಾಗಿ ತಿರುಗುತ್ತದೆ ಎಂಬುದನ್ನು ಮುಳ್ಳೇ ಹೇಳಲಿ ಎಂಬುದು ನನ್ನ ಉಪಾಯ.

ಹಡಗಲಿ ದಾರಿಯಲ್ಲಿ ರಸ್ತೆ ನೇರ ಮಾಡಿದಾಗ ಪಕ್ಕಕ್ಕೆ ಉಳಿದುಹೋದ ಹಳೆಯ ಡಾಂಬರಿನ ತುಂಡೊಂದಿದೆ. ಬಸ್ಸು ಲಾರಿ ಅಲ್ಲಿಗೆ ಬರುವುದಿಲ್ಲ. ಅದರ ಅರ್ಧಕ್ಕೆ ಒಬ್ಬ ಹೆಂಗಸು ಮೆಕ್ಕೆಜೋಳ ಒಣಹಾಕಿ, ಪಕ್ಕದಲ್ಲಿ ಛತ್ರಿ ಬಿಚ್ಚಿಕೊಂಡು ಕೂತಿದ್ದರು.

“ಯಕ್ಕಾ, ಸ್ವಲ್ಪ ಕಾಳಿನ ಮ್ಯಾಲ ಗಾಡಿ ಓಡಿಸಬೇಕಿತ್ತು,” ಎಂದರು ಡ್ರೈವರ್.

“ಒಣಗಿದ ಕಾಳಿನ ಮ್ಯಾಲ? ಅದಕ್ಕ ಮೂರು ಮಂದಿ ಗಂಡಸರು ಬಂದೀರಾ? ಮನ್ಯಾಗ ಕೆಲಸಿಲ್ಲೇನ್ರಿ ನಿಮಗ?”

“ಪರೀಕ್ಷಾ ಮಾಡಾಕತ್ತೀವಿ.”

“ನನ್ನ ಕಾಳಿಗೆ ಪರೀಕ್ಷಾ ಬ್ಯಾಡ, ಅದು ಪಾಸಾಗೈತಿ.” ಆಮೇಲೆ ನಮ್ಮ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. “ಆ ತುದ್ಯಾಗಿರೂದು ಹುಳ ಹಿಡದದ್ದು, ಕೋಳಿಗೆ ಹಾಕೂದು. ಅದನ್ನ ಹರವಿಕೊಳ್ರಿ. ಮುಗಿದ ಮ್ಯಾಲ ಬಳದು ಕೊಟ್ಟು ಹೋಗಬೇಕು. ಈ ಕನ್ನಡಕದವರು ಬಳೀಲಿ, ಅವರ ಕೈ ಕೆಲಸ ಕಂಡಂಗಿಲ್ಲ.”

ಕಾಳನ್ನು ಎಡಚಕ್ರದ ದಾರಿಗೆ ಉದ್ದಕ್ಕೆ ಹರಡಿದೆವು. ಡ್ರೈವರ್ ಸ್ಟೇರಿಂಗ್ ಮುಂದೆ, ನಾನು ಎಡಗಡೆ ಸೀಟಿನಲ್ಲಿ, ಮಾಲೀಕರು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿಕೊಂಡು. ಸ್ಟೇರಿಂಗಿನ ಮೇಲ್ಭಾಗಕ್ಕೆ ಹಗ್ಗ ಸುತ್ತಿ ತಕ್ಕಡಿಯ ಕೊಕ್ಕೆ ಹಾಕಿ, ಇನ್ನೊಂದು ತುದಿ ನಾನು ಹಿಡಿದೆ. ಸ್ಟೇರಿಂಗ್ ಬಲಕ್ಕೆ ಹೋಗಲು ನೋಡಿದರೆ ಮುಳ್ಳು ಇಳಿಯುತ್ತದೆ. ಎತ್ತಿನ ಬಂಡಿಗಿಂತ ತುಸು ಜೋರಾಗಿ ಹೋಗಿ ಬ್ರೇಕ್ ಒತ್ತಬೇಕು, ಕೈಗಳನ್ನು ಸ್ಟೇರಿಂಗಿಗೆ ತಾಗಿಸದೆ ಸುತ್ತ ಇಟ್ಟುಕೊಂಡಿರಬೇಕು ಎಂದು ಹೇಳಿದ್ದೆ.

ಬ್ರೇಕ್ ಒತ್ತಿದ ಕೂಡಲೆ ತಕ್ಕಡಿ ನನ್ನ ಕೈಯನ್ನು ಜಗ್ಗಿತು. ಮುಳ್ಳು ಎಷ್ಟು ತೋರಿಸಿತೆಂದು ಆ ಕ್ಷಣ ಗಟ್ಟಿಯಾಗಿ ಓದಿ ಹೇಳಿದೆ. ಈಗ ಆ ಅಂಕಿ ನೆನಪಿಲ್ಲ. ಗಾಡಿಯ ಮೂತಿ ಡಾಂಬರಿನ ಬಲ ಅಂಚಿನ ಕಡೆ ತಿರುಗಿ ನಿಂತಿತ್ತು ಎಂಬುದು ನೆನಪಿದೆ.

“ಅವನ ತೊಡಿ ತಾಗಿರತೈತಿ ಸ್ಟೇರಿಂಗಿಗೆ,” ಎಂದರು ಮಾಲೀಕರು ಹಿಂದಿನಿಂದ.

ಡ್ರೈವರ್ ಬಾಗಿಲು ತೆಗೆದು ಇಳಿದರು. “ಬರ್ರಿ ಸಾವ್ಕಾರ್ರ. ನಿಮ್ಮ ತೊಡಿ ಇಟ್ಟುಕೊಂಡು ನೀವ ಕುಂದರ್ರಿ.”

ಅದನ್ನೇ ನಾನೂ ಕೇಳುವವನಿದ್ದೆ. ಮಾಲೀಕರು ಕೂತರು. ತಕ್ಕಡಿ ಬಿಚ್ಚಿ, ಈ ಸಲ ಸ್ಟೇರಿಂಗನ್ನು ಮೆತ್ತಗೆ ಹಿಡಿದುಕೊಳ್ಳಿ ಎಂದೆ. ಅವರು ಒಳ್ಳೆಯ ಚಾಲಕರು, ಆದರೆ ಟ್ರ್ಯಾಕ್ಟರಿಗೆ ಒಗ್ಗಿದವರು, ಬ್ರೇಕನ್ನು ತುಳಿದೇಬಿಟ್ಟರು. ಸ್ಟೇರಿಂಗ್ ಅವರ ಬೆರಳುಗಳ ನಡುವಿನಿಂದ ಕಿತ್ತುಕೊಂಡು ಬಲಕ್ಕೆ ಹೊರಳಿತು. ಗಾಡಿ ಅಡ್ಡಡ್ಡ ನಿಂತಿತು. ಮಾಲೀಕರು ಹಿಂದಕ್ಕೆ ತೆಗೆದು ಇನ್ನೊಮ್ಮೆ ಬಂದರು. ಈ ಸಲ ಬಿಗಿಯಾಗಿ ಹಿಡಿದರು. ಹಿಡಿತ ಗೆದ್ದಿತು, ಆದರೆ ಕಾಳಿನ ಮೇಲೆ ಚಕ್ರ ಹಿಡಿದು ಬಿಟ್ಟು ಮಾಡಿದಾಗಲೆಲ್ಲ ಸ್ಟೇರಿಂಗ್ ಅದುರಿ, ಅವರ ಮುಂಗೈಗಳು ಮೊಣಕೈವರೆಗೆ ಅಲುಗಿದವು.

ದಾರಿಯ ಬದಿಯಲ್ಲಿ ನಿಂತಿದ್ದ ಡ್ರೈವರ್ ಕೂಗಿದರು: “ಸಾವ್ಕಾರ್ರ! ಕೈ ನಡುಗಾಕತ್ತಾವ ನೋಡ್ರಿ!”

ಕಾಳಿನ ಒಡತಿ ಛತ್ರಿಯ ಕೆಳಗೆ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಅವರಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ಆ ಕೂಗಿನ ಧಾಟಿಗೇ ನಕ್ಕಿರಬೇಕು. ಮಾಲೀಕರು ಎಂಜಿನ್ ಆರಿಸಿ, ತಮ್ಮ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದರು. ಅವರ ಮುಖದಲ್ಲಿ ಬರುವುದು ಸಿಟ್ಟೋ ನಗುವೋ ಎಂದು ನಾನು ಕಾಯುತ್ತಿದ್ದೆ.

“ಲೇ ಅಣ್ಣ,” ಎಂದರು ಕಡೆಗೆ, “ಮೊನ್ನಿ ಆ ಬಸ್ಸಿನ ಮುಂದಿಂದ ನೀ ಹೆಂಗ ತಪ್ಪಿಸಿದಿ?”

“ಹೆಂಗೋ ತಪ್ಪಿಸೀನ್ರಿ. ನೀವು ಕಣ್ಣು ಮುಚ್ಚಿದ್ರಿ.”

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಗಾಡಿಯಿಂದ ಜಾಕ್ ಇಳಿಸಿ, ಅದರ ಕೆಳಗೆ ಮರದ ಹಲಗೆ ಕೊಟ್ಟು, ಅಲ್ಲೇ ಸ್ಪೇಸರ್‌ಗಳನ್ನು ಬಿಚ್ಚಿದೆ. ಅದೇ ಕಾಳು, ಅದೇ ವೇಗ, ಅದೇ ಮಾಲೀಕರು. ಗಾಡಿಯ ಮೂತಿ ಬಲಕ್ಕೆ ತುಸು ವಾಲಿತು, ಅದು ಎಲ್ಲ ಗಾಡಿಗೂ ಇದ್ದದ್ದೇ. ಆದರೆ ಸ್ಟೇರಿಂಗ್ ಕೈಯಲ್ಲೇ ಉಳಿಯಿತು. ಎಡಚಕ್ರಗಳನ್ನು ಮಣ್ಣಿಗೆ ಇಳಿಸಿ ನೋಡಿದೆವು. ಈ ಸಲ ಕೊಕ್ಕೆಯನ್ನು ಸ್ಟೇರಿಂಗಿನ ಕೆಳಭಾಗಕ್ಕೆ ಹಾಕಿದ್ದೆ. ಮುಳ್ಳು ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಆಮೇಲೆ ಸ್ಪೇಸರ್ ಮತ್ತೆ ಹಾಕಬೇಕು ಎಂದೆ.

“ಮತ್ತ್ಯಾಕ್ರಿ!” ಎಂದು ಇಬ್ಬರೂ ಒಂದೇ ಸಲ ಹೇಳಿದರು. ಅವತ್ತು ಅವರು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

“ಒಮ್ಮಿ ಆದದ್ದು ಹಂಗೇ ಆಗಿರಬಹುದು. ಹಾಕಿದಾಗ ಮತ್ತ ಎಳೀಬೇಕು.”

ಹಾಕಿದೆ. ಮತ್ತೆ ಎಳೆಯಿತು, ಮಣ್ಣಿನಲ್ಲಿ ಎಡಕ್ಕೆ, ಕಾಳಿನ ಮೇಲೆ ಬಲಕ್ಕೆ. ಆಗ ನನಗೆ ನಿಜವಾಗಿ ಖುಷಿಯಾಯಿತು. ನನ್ನ ಕೆಲಸದಲ್ಲಿ ಹೀಗೆ ಅಡಿಗಡಿಗೆ ಆಗುವುದಿಲ್ಲ. ಸಾಮಾನ್ಯವಾಗಿ ಏನೋ ಬಿಗಿದು, ಏನೋ ಬದಲಿಸಿ, ಸದ್ದು ನಿಂತರೆ ಯಾಕೆ ನಿಂತಿತೆಂದು ಗೊತ್ತಿಲ್ಲದೆ ಕಳಿಸುತ್ತೇವೆ. ಇಲ್ಲಿ ಕಾರಣ, ಪರಿಣಾಮ ಎರಡೂ ನಾವು ಕರೆದಾಗ ಬಂದು, ಹೋಗು ಎಂದಾಗ ಹೋದವು. ಆ ಖುಷಿಯಲ್ಲೇ ಕಸಬರಿಗೆ ಹಿಡಿದು ಕಾಳು ಬಳಿದೆ. ಒಡತಿ ಹಿಂದೆಯೇ ಬಂದು, ಡಾಂಬರಿನ ಬಿರುಕಿನಲ್ಲಿ ಉಳಿದದ್ದನ್ನೆಲ್ಲ ಬೆರಳು ಮಾಡಿ ತೋರಿಸಿದರು.

ತಿರುವಿನಲ್ಲಿ ಗಾಡಿ ವಾಲುತ್ತದೆ ಎಂಬ ಮಾಲೀಕರ ದೂರು ಹಾಗೇ ಉಳಿದಿತ್ತು. ಅದೂ ನಿಜವಾದ ದೂರೇ. ಅಂಗಡಿಗೆ ತಂದು ನೋಡಿದರೆ ಹಿಂದಿನ ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆ ಸೋರಿತ್ತು, ವಾಲದಂತೆ ತಡೆಯುವ ಅಡ್ಡಕಂಬಿಯ ರಬ್ಬರ್ ಬುಷ್‌ಗಳು ಪುಡಿಯಾಗಿದ್ದವು. ಎಲ್ಲ ಹೊಸದು ಹಾಕಿದೆ. ಹರಪನಹಳ್ಳಿ ಕಡೆಯ ತಿರುವುಗಳಲ್ಲಿ ಮೂವರೂ ಹೋಗಿ ಬಂದೆವು. ಮಾಲೀಕರು ಒಪ್ಪಿದರು. ಸ್ಪೇಸರ್‌ಗಳನ್ನು ಅವರೇ ಮನೆಗೆ ಒಯ್ದರು. ಲೇತ್‌ನವರ ಒಳ್ಳೆಯ ಕೆಲಸ ದಂಡವಾಗಲಿಲ್ಲ. ಮಾಲೀಕರ ಮನೆಯವರು ಈಗ ಆ ಬಳೆಗಳ ಮೇಲೆ ಮಡಕೆ ಇಡುತ್ತಾರೆ, ಒಂದೂ ಉರುಳುವುದಿಲ್ಲವಂತೆ.

ಗಾಡಿಯ ವಿಷಯ ಮುಗಿಯಿತು. ಡ್ರೈವರದು ಮುಗಿದಿರಲಿಲ್ಲ. ಅಂಗಡಿಯಿಂದ ಹೊರಡುವಾಗ ಅವರು ಸ್ಟೇರಿಂಗ್ ಮುಂದೆ ಕೂತು, ಎಂಜಿನ್ ಹಚ್ಚದೆ, ಸಿಟ್ಟಿದ್ದೂ ಮೊದಲ ಸಲ ಮಾಲೀಕರ ಮುಖವನ್ನೇ ನೋಡಿ ಮಾತಾಡಿದರು.

“ಇಲ್ಲಿ ನೀವು ಒಪ್ಪಿದ್ರ ಏನ್ ಬಂತರಿ ಸಾವ್ಕಾರ್ರ? ಸ್ಟ್ಯಾಂಡಿನ್ಯಾಗ ನನ್ನ ಕೈ ಇನ್ನೂ ನಡುಗಾಕತ್ತಾವ.”

ಮಾಲೀಕರು ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು. ಅವರು ಸದಾ ಕೂರುತ್ತಿದ್ದುದು ಹಿಂದಿನ ಸೀಟಿನಲ್ಲಿ.

ಕೆಲವು ದಿನ ಕಳೆದ ಮೇಲೆ ನನಗೆ ತಡೆಯಲಾಗಲಿಲ್ಲ. ಹೊಸ ಬುಷ್‌ಗಳು ಹೇಗಿವೆ ಎಂಬ ನೆಪ ಮಾಡಿ ಡ್ರೈವರಿಗೆ ಫೋನ್ ಮಾಡಿದೆ. ಅವರು ಬಹಳ ಸಣ್ಣ ದನಿಯಲ್ಲಿ ಮಾತಾಡಿದರು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮೈಲಾರಕ್ಕೆ ಹೊರಟಿದ್ದಾರಂತೆ, ರೈಲ್ವೆ ಗೇಟು ಬಿದ್ದು ನಿಂತಿದ್ದಾರಂತೆ. ಹೊರಡುವ ಮೊದಲು ಮಾಲೀಕರು ಗಾಡಿಯನ್ನು ಸ್ಟ್ಯಾಂಡಿಗೇ ತರಿಸಿ, ಅಲ್ಲಿದ್ದವರಿಗೆಲ್ಲ ಚಹಾ ಹೇಳಿ, ತಕ್ಕಡಿ ಕಾಳು ಬ್ರೇಕು ಎಲ್ಲವನ್ನೂ ಕೈ ಮಾಡಿ ತೋರಿಸಿ ವಿವರಿಸಿದರಂತೆ.

“ಎಲ್ಲಾ ಹೇಳಿದ್ರಾ?” ಎಂದೆ.

“ಎಲ್ಲಾ ಹೇಳಿದ್ರು, ನನ್ನ ಕೈ ಗಟ್ಟಿ ಅದಾವ ಅಂತನೂ ಹೇಳಿದ್ರು. ಕಂಡುಹಿಡದದ್ದು ತಾವ ಅಂತ ಹೇಳಿದ್ರು. ನಿಮ್ಮ ಹೆಸರು ಬರಲಿಲ್ರಿ.”

ನಾನು ಜೋರಾಗಿ ನಕ್ಕೆ.

“ಶ್, ಮೆಲ್ಲಕ್ರಿ,” ಎಂದರು ಡ್ರೈವರ್. “ಸಾವ್ಕಾರ್ರು ಬಾಜೂಕ ಅದಾರ. ಊರು ದಾಟಿದಾಗಿಂದ ಗೊರಕಿ ಹೊಡಿಯಾಕತ್ಯಾರ.”